ಕಬ್ಬಿನ ಟ್ರ್ಯಾಕ್ಟರಿಗೆ ರಾತ್ರಿ ದಾರಿ ಕಾಣುವಂಥ ಹೆಡ್‌ಲೈಟ್: ಎಲ್‌ಇಡಿ ಹಾಕಿಸಬೇಕೇ, ಬೇರೆ ಉಪಾಯ ಇದೆಯೇ?

ಪ್ರಶ್ನೆ: ಘಟಪ್ರಭೆಯ ದಂಡೆಯವ, ಮುಧೋಳ ತಾಲ್ಲೂಕು

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ ಒಂಬತ್ತು ವರ್ಷದ ಹಳೆಯ, 45 ಎಚ್‌ಪಿ ಟ್ರ್ಯಾಕ್ಟರ್ ಒಂದಿದೆ. ಕಬ್ಬು ನುರಿಸುವ ಹಂಗಾಮು ಆರಂಭವಾದರೆ ಎರಡು ಟ್ರೇಲರ್ ಕಟ್ಟಿಕೊಂಡು ಹೊಲದಿಂದ ಕಾರ್ಖಾನೆಗೆ 22 ಕಿಲೋಮೀಟರ್ ಹೋಗಬೇಕು. ಗ್ಯಾಂಗಿನವರು ಕಡಿದು, ಹೇರಿ, ಹಗ್ಗ ಬಿಗಿಯುವಷ್ಟರಲ್ಲಿ ಹೊತ್ತು ಮುಳುಗಿರುತ್ತದೆ. ಹೀಗಾಗಿ ನಮ್ಮ ಹೆಚ್ಚಿನ ಟ್ರಿಪ್‌ಗಳು ರಾತ್ರಿಯೇ ಆಗುತ್ತವೆ.

ನಮ್ಮ ಹೆಡ್‌ಲೈಟ್ ಈಗ ಚಿಮಣಿ ದೀಪದ ಹಾಗೆ ಕೆಂಪಗೆ ಉರಿಯುತ್ತದೆ. ಹೋದ ವಾರ ಯಾವ ದೀಪವೂ ಇಲ್ಲದೆ ಮುಂದೆ ಹೋಗುತ್ತಿದ್ದ ಚಕ್ಕಡಿಯೊಂದು ನನಗೆ ಕಂಡಿದ್ದು ತೀರ ಸಮೀಪ ಬಂದ ಮೇಲೆ. ಬ್ರೇಕ್ ಒತ್ತಿದರೂ ಹಿಂದಿನ ಎರಡು ಟ್ರೇಲರ್‌ಗಳ ಭಾರ ಟ್ರ್ಯಾಕ್ಟರನ್ನು ಮುಂದಕ್ಕೆ ನೂಕುತ್ತಲೇ ಇತ್ತು. ಎತ್ತುಗಳು ತಾವಾಗಿಯೇ ಬದಿಗೆ ಸರಿದವು, ಅಷ್ಟೇ ನಮ್ಮ ಪುಣ್ಯ. ಅಂಗಡಿಯಲ್ಲಿ ಕೇಳಿದರೆ ಮೂರು ದಾರಿ ಹೇಳುತ್ತಾರೆ: ಹಳೆಯ ಬಲ್ಬಿನ ಜಾಗದಲ್ಲಿ ಬಿಳಿ ಎಲ್‌ಇಡಿ ಬಲ್ಬು, ಅಥವಾ 100/90 ವ್ಯಾಟಿನ ಹ್ಯಾಲೊಜೆನ್ ಬಲ್ಬು, ಇಲ್ಲವೇ ಬಾನೆಟ್ಟಿನ ಮೇಲೆ ಉದ್ದನೆಯ ಎಲ್‌ಇಡಿ ಪಟ್ಟಿ. ನಮ್ಮ ಕಾಕಾನ ಮಗ ಮೂರನೆಯದನ್ನು ಹಾಕಿಸಿಕೊಂಡಿದ್ದಾನೆ. ಅವನಿಗೆ ದಾರಿ ಚೆನ್ನಾಗಿ ಕಾಣುತ್ತದೆ, ಎದುರಿಗೆ ಬರುವವರು ಮಾತ್ರ ನಿಲ್ಲಿಸಿ ಬೈದು ಹೋಗುತ್ತಾರೆ. 3,000 ರೂಪಾಯಿಯೊಳಗೆ ಯಾವುದನ್ನು ಮಾಡಿಸುವುದು ಸರಿ ಎಂದು ಅನುಭವವುಳ್ಳವರು ತಿಳಿಸಬೇಕಾಗಿ ವಿನಂತಿ.

ಉತ್ತರ: ವೈರಿಂಗ್ ಕೆಲಸದವ, ಬಾಗಲಕೋಟೆ

ನೀವು ಹೇಳುವ ಲಕ್ಷಣ ನೋಡಿದರೆ ಬಲ್ಬಿನ ತಪ್ಪು ಕಡಿಮೆ, ಬಲ್ಬಿಗೆ ಕರೆಂಟು ಹೋಗುವ ದಾರಿಯ ತಪ್ಪು ಹೆಚ್ಚು ಎನಿಸುತ್ತದೆ. ಕೆಂಪಗೆ ಉರಿಯುವ ಹ್ಯಾಲೊಜೆನ್ ಹಸಿದ ಹ್ಯಾಲೊಜೆನ್. ಆದ್ದರಿಂದ ಏನನ್ನೂ ಕೊಳ್ಳುವ ಮೊದಲು ಒಂದು ಮಲ್ಟಿಮೀಟರ್ ತಂದು ಅಳೆಯಿರಿ.

ಎಂಜಿನ್ ಚಾಲೂ ಇಟ್ಟು, ಸ್ವಲ್ಪ ರೇಸ್ ಕೊಟ್ಟು, ಅಪ್ಪರ್ (ದೂರಕ್ಕೆ ಬೀಳುವ ಬೆಳಕು; ಕೆಳಕ್ಕೆ ಬಾಗಿ ಹತ್ತಿರ ಬೀಳುವುದು ಡಿಪ್ಪರ್) ಹಚ್ಚಿ ಮೊದಲು ಬ್ಯಾಟರಿಯ ಮೇಲೆ ವೋಲ್ಟೇಜ್ ನೋಡಿ. ಆಲ್ಟರ್ನೇಟರ್ ಸರಿಯಿದ್ದರೆ 13.8ರಿಂದ 14.4ರ ನಡುವೆ ಸಿಗಬೇಕು. ಆಮೇಲೆ ಬಲ್ಬಿನ ಹೋಲ್ಡರಿನ ಹಿಂಭಾಗದಲ್ಲಿ ಅಳೆಯಿರಿ. ಬಲ್ಬು ಉರಿಯುತ್ತಿರುವಾಗಲೇ ಅಳೆಯಬೇಕು. ಕಳಚಿ ಅಳೆದರೆ ಕರೆಂಟು ಹರಿಯುವುದಿಲ್ಲವಾದ್ದರಿಂದ ನಷ್ಟವೂ ಕಾಣುವುದಿಲ್ಲ, ‘ಎಲ್ಲಾ ಬರೋಬರಿ ಅದ’ ಎಂದು ಮೀಟರ್ ಸುಳ್ಳು ಹೇಳುತ್ತದೆ. ಎರಡರ ಅಂತರ ಅರ್ಧ ವೋಲ್ಟಿನೊಳಗಿದ್ದರೆ ವೈರಿಂಗ್ ಒಳ್ಳೆಯದಿದೆ. ಒಂದು ವೋಲ್ಟ್ ದಾಟಿದ್ದರೆ ರೋಗ ಅಲ್ಲಿಯೇ ಇದೆ.

ಒಂದೆರಡು ವೋಲ್ಟಿನಿಂದ ಏನಾದೀತು ಎಂದು ಬಹಳ ಜನ ಕೇಳುತ್ತಾರೆ. ಹ್ಯಾಲೊಜೆನ್ ಬಲ್ಬಿನ ಬೆಳಕು ವೋಲ್ಟೇಜಿನ ಸುಮಾರು 3.4ನೇ ಘಾತದ ಪ್ರಮಾಣದಲ್ಲಿ ಏರುತ್ತದೆ, ಇಳಿಯುತ್ತದೆ. ವೋಲ್ಟೇಜ್ ಶೇಕಡಾ 10ರಷ್ಟು ಕುಸಿದರೆ ಬೆಳಕು ಶೇಕಡಾ 30ರಷ್ಟು ಕುಸಿಯುತ್ತದೆ; ಬ್ಯಾಟರಿಯಲ್ಲಿ 13.8 ಇದ್ದು ಬಲ್ಬಿಗೆ 11.5 ಮುಟ್ಟಿದರೆ ನಿಮ್ಮ ಕೈಯಲ್ಲಿ ಉಳಿಯುವುದು ಅರ್ಧಕ್ಕಿಂತ ತುಸು ಹೆಚ್ಚು ಬೆಳಕು ಮಾತ್ರ. ಹಳೆಯ ಟ್ರ್ಯಾಕ್ಟರುಗಳಲ್ಲಿ ಕರೆಂಟು ಚಾವಿ ಸ್ವಿಚ್ಚು, ಲೈಟಿನ ಸ್ವಿಚ್ಚು, ಡಿಪ್ಪರ್ ಸ್ವಿಚ್ಚು ಎಲ್ಲವನ್ನೂ ಸುತ್ತಿ, ಸಣ್ಣ ವೈರಿನಲ್ಲಿ ಮುಂದೆ ಬಂದು, ಕೊನೆಗೆ ಬಾನೆಟ್ಟಿನ ತಗಡಿನ ಮೂಲಕ ಅರ್ಥ್ ಆಗುತ್ತದೆ. ಆ ತಗಡಿನ ಕೀಲಿಗೆ ತುಕ್ಕು ಹಿಡಿದಿರುತ್ತದೆ, ಮೇಲೆ ಯಾರೋ ಬಣ್ಣ ಬೇರೆ ಹೊಡೆದಿರುತ್ತಾರೆ. ಪ್ಲಸ್ ವೈರನ್ನು ಎಷ್ಟು ಬದಲಿಸಿದರೂ ಅರ್ಥ್ ಕೆಟ್ಟಿದ್ದರೆ ಪ್ರಯೋಜನವಿಲ್ಲ.

ಪರಿಹಾರ ರಿಲೇ, ಅಂದರೆ ಸಣ್ಣ ಕರೆಂಟಿನ ಆಜ್ಞೆಗೆ ದೊಡ್ಡ ಕರೆಂಟನ್ನು ಹರಿಸುವ ಸ್ವಿಚ್ಚು. ಅಪ್ಪರಿಗೆ ಒಂದು, ಡಿಪ್ಪರಿಗೆ ಒಂದು. ಬ್ಯಾಟರಿಯ ಪ್ಲಸ್‌ನಿಂದ ಫ್ಯೂಸ್ ಮೂಲಕ ರಿಲೇಯ 30ನೇ ಕಾಲಿಗೆ, 87ರಿಂದ ಬಲ್ಬಿಗೆ, ಹಳೆಯ ಸ್ವಿಚ್ಚಿನ ವೈರು 86ಕ್ಕೆ, 85 ಅರ್ಥಿಗೆ. ಆಗ ಸ್ವಿಚ್ಚು ಬರೀ ಆಜ್ಞೆ ಮಾಡುತ್ತದೆ, ಭಾರ ಹೊರುವುದಿಲ್ಲ. ಎರಡು 60 ವ್ಯಾಟ್ ಬಲ್ಬುಗಳಿಗೆ ಸುಮಾರು 10 ಆಂಪಿಯರ್ ಬೇಕು. ಒಂದು ಚದರ ಮಿಲಿಮೀಟರಿನ ತಾಮ್ರದ ವೈರು ಮೂರು ಮೀಟರಿನಲ್ಲಿಯೇ ಅರ್ಧ ವೋಲ್ಟ್ ತಿನ್ನುತ್ತದೆ, ಎರಡೂವರೆಯದು ಅದರ ಅರ್ಧಕ್ಕಿಂತ ಕಡಿಮೆ. ಬಲ್ಬಿನ ಅರ್ಥನ್ನೂ ಅದೇ ದಪ್ಪದ ವೈರಿನಲ್ಲಿ ನೇರವಾಗಿ ಬ್ಯಾಟರಿಯ ಮೈನಸ್‌ಗೆ ತನ್ನಿ.

100/90 ಬಲ್ಬಿನ (ಅಪ್ಪರಿಗೆ 100, ಡಿಪ್ಪರಿಗೆ 90 ವ್ಯಾಟ್) ಮಾತು ಬಿಡಿ. ಎರಡು ಸೇರಿ 17 ಆಂಪಿಯರಿನ ಹತ್ತಿರ ಎಳೆಯುತ್ತವೆ, ಹಳೆಯ ವೈರಿನಲ್ಲಿ ಇನ್ನೂ ಹೆಚ್ಚು ವೋಲ್ಟೇಜ್ ಬೀಳುತ್ತದೆ. ಕರಗಿ ಅಂಟಿಕೊಂಡ ಸ್ವಿಚ್ಚುಗಳನ್ನು ನಾನು ಪ್ರತಿ ಹಂಗಾಮಿನಲ್ಲೂ ಬಿಚ್ಚುತ್ತೇನೆ.

ರಿಫ್ಲೆಕ್ಟರಿನ ಬೆಳ್ಳಿ ಮಾಸಿದ್ದರೆ ಅದನ್ನು ಬಟ್ಟೆಯಿಂದ ಒರೆಸಬೇಡಿ, ಇದ್ದದ್ದೂ ಹೋಗುತ್ತದೆ; ಹೊಸ ಲ್ಯಾಂಪನ್ನೇ ಹಾಕಿಸಿ. ಹ್ಯಾಲೊಜೆನ್ ಬಲ್ಬಿನ ಗಾಜನ್ನೂ ಬರಿಗೈಯಿಂದ ಮುಟ್ಟಬಾರದು, ಬೆರಳಿನ ಜಿಡ್ಡು ಕೂತ ಕಡೆ ಗಾಜು ಹೆಚ್ಚು ಕಾದು ಬೇಗ ಹಾಳಾಗುತ್ತದೆ.

ಉತ್ತರ: ಅಥಣಿಯ ಕಡೆಯವ

ಮೇಲಿನವರ ಮಾತನ್ನು ಒಪ್ಪುತ್ತೇನೆ. ಆದರೆ ಎಲ್‌ಇಡಿಯನ್ನು ಪೂರ್ತಿ ತಳ್ಳಿಹಾಕುವುದು ಸರಿಯಲ್ಲ, ಏಕೆಂದರೆ ನಾನು ಎರಡೂ ಬಗೆಯದನ್ನು ಹಾಕಿಸಿ ನೋಡಿದ್ದೇನೆ.

ಮೊದಲ ವರ್ಷ ಹ್ಯಾಲೊಜೆನ್ ಬಲ್ಬು ತೆಗೆದು ಅದೇ ರಿಫ್ಲೆಕ್ಟರಿನಲ್ಲಿ ಎಲ್‌ಇಡಿ ಬಲ್ಬು ಕೂಡಿಸಿದೆ. ಮನೆಯ ಅಂಗಳದಲ್ಲಿ ಹಚ್ಚಿದಾಗ ಹಗಲಾದಂತೆ ಕಂಡಿತು. ರಸ್ತೆಗೆ ಬಂದ ಮೇಲೆ ಗೊತ್ತಾಯಿತು, ಬೆಳಕೆಲ್ಲ ಟೈರಿನ ಮುಂದಿನ ನಾಲ್ಕು ಮಾರಿನಲ್ಲಿ ಮತ್ತು ಬೇವಿನ ಮರದ ತುದಿಯಲ್ಲಿ ಇದೆ, ನಡುವೆ ಬೇಕಾದಲ್ಲಿ ಇಲ್ಲ. ಕಾರಣ ಆಮೇಲೆ ತಿಳಿಯಿತು. ಎಚ್‌4 ಎಂಬ, ಅಪ್ಪರ್-ಡಿಪ್ಪರ್ ಎರಡೂ ತಂತಿ ಇರುವ ಹ್ಯಾಲೊಜೆನ್ ಬಲ್ಬಿನೊಳಗೆ ಡಿಪ್ಪರಿನ ತಂತಿಯ ಕೆಳಗೆ ಒಂದು ಸಣ್ಣ ಲೋಹದ ಬಟ್ಟಲಿರುತ್ತದೆ. ಅದು ಕೆಳಮುಖದ ಬೆಳಕನ್ನು ತಡೆದು, ರಿಫ್ಲೆಕ್ಟರಿನ ಮೇಲರ್ಧದಿಂದ ಮಾತ್ರ ಕಿರಣ ನೆಲಕ್ಕೆ ಬೀಳುವಂತೆ ಮಾಡುತ್ತದೆ. ಎಲ್‌ಇಡಿ ಬಲ್ಬಿನಲ್ಲಿ ಬೆಳಕಿನ ಚುಕ್ಕೆಗಳು ದಪ್ಪ ಪಟ್ಟಿಯ ಎರಡು ಬದಿಗೆ ಇರುವುದರಿಂದ, ಆ ತಂತಿ ಇದ್ದ ಜಾಗಕ್ಕೆ ಅವು ಸರಿಯಾಗಿ ಬರದಿದ್ದರೆ ರಿಫ್ಲೆಕ್ಟರಿನ ಲೆಕ್ಕವೇ ತಪ್ಪುತ್ತದೆ. ಜೊತೆಗೆ ಅದರ ಬೆನ್ನಿನಲ್ಲಿ ಪುಟ್ಟ ಫ್ಯಾನು. ಕಬ್ಬಿನ ಹೊಲದ ದಾರಿಯ ಧೂಳು ನಿಮಗೆ ಗೊತ್ತೇ ಇದೆ. ಸಂಕ್ರಾಂತಿಯ ಹೊತ್ತಿಗೆ ಒಂದು ಬದಿಯ ಫ್ಯಾನು ನಿಂತು, ಬಲ್ಬು ಮಿಣಿಮಿಣಿ ಮಾಡತೊಡಗಿತು.

ಮರುವರ್ಷ ಬಲ್ಬಿನ ಬದಲು, ಎಲ್‌ಇಡಿಗೆಂದೇ ಮಾಡಿದ ಇಡೀ ಲ್ಯಾಂಪನ್ನು, ಅಂದರೆ ಲೆನ್ಸು, ರಿಫ್ಲೆಕ್ಟರು ಎಲ್ಲ ಒಂದೇ ಡಬ್ಬಿಯಲ್ಲಿ ಇರುವುದನ್ನು ಹಾಕಿಸಿದೆ. ಇದರಲ್ಲಿ ಡಿಪ್ಪರಿನ ಗೆರೆ ಗೋಡೆಯ ಮೇಲೆ ಕತ್ತರಿಸಿದಂತೆ ಬೀಳುತ್ತದೆ, ಕರೆಂಟೂ ಕಡಿಮೆ ಸಾಕು. ಬೆಲೆ ಮಾತ್ರ ನೀವು ಹೇಳಿದ ಮಿತಿಯನ್ನು ಮೀರುತ್ತದೆ. ಕೃಷ್ಣೆಯ ದಂಡೆಯಲ್ಲಿ ಬೆಳಗಿನ ಜಾವ ಮಂಜು ಕವಿದಾಗ ಅದರಲ್ಲೂ ಅಪ್ಪರ್ ಹಚ್ಚಿದರೆ ಮುಂದೆ ಬಿಳಿ ಗೋಡೆ ಎದ್ದಂತಾಗುತ್ತದೆ; ಆಗ ಡಿಪ್ಪರಿಗಿಳಿಸಿ ನಿಧಾನಕ್ಕೆ ಹೋಗುವುದೊಂದೇ ದಾರಿ. ಎತ್ತರದಲ್ಲಿ ಕೂಡಿಸಿದ ಎಲ್‌ಇಡಿ ಪಟ್ಟಿ ಮಂಜಿನಲ್ಲಿ ಎಲ್ಲಕ್ಕಿಂತ ಕೆಟ್ಟದ್ದು, ಚಾಲಕನ ಕಣ್ಣಿನ ಸಮೀಪವೇ ಇರುವುದರಿಂದ ಅದರ ಬೆಳಕು ಹನಿಗಳಿಗೆ ಬಡಿದು ನೇರವಾಗಿ ಅವನ ಕಣ್ಣಿಗೇ ಮರಳುತ್ತದೆ. ರಾತ್ರಿ ರೂಟರ್ (ಮಣ್ಣು ಪುಡಿಮಾಡುವ ರೋಟವೇಟರ್) ಹೊಡೆಯುವಾಗ ಹೊಲದಲ್ಲಿ ಅದು ಉಪಯುಕ್ತ, ರಸ್ತೆಯ ಮೇಲೆ ಅಲ್ಲ.

ಉತ್ತರ: ಎದುರಿನಿಂದ ಬರುವವ, ಜಮಖಂಡಿ

ನನ್ನ ಬಳಿ ಟ್ರ್ಯಾಕ್ಟರ್ ಇಲ್ಲ. ರಾತ್ರಿ ಪಾಳಿ ಮುಗಿಸಿ ಮೋಟರ್‌ಸೈಕಲ್ಲಿನಲ್ಲಿ ಮನೆಗೆ ಮರಳುವವನು ನಾನು, ಆದ್ದರಿಂದ ನಿಮ್ಮ ದೀಪದ ಇನ್ನೊಂದು ತುದಿಯಿಂದ ಎರಡು ಮಾತು ಹೇಳುತ್ತೇನೆ.

ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಬರುವ ಮೋಟರ್‌ಸೈಕಲ್ ಸೆಕೆಂಡಿಗೆ 14 ಮೀಟರ್ ಸಾಗುತ್ತದೆ. ಬಿಳಿ ಬೆಳಕು ಕಣ್ಣಿಗೆ ಬಡಿದು ಮೂರು ಸೆಕೆಂಡು ಏನೂ ಕಾಣದಿದ್ದರೆ 40 ಮೀಟರಿಗೂ ಹೆಚ್ಚು ದಾರಿಯನ್ನು ನಾನು ಕುರುಡಾಗಿಯೇ ದಾಟಿರುತ್ತೇನೆ. ಅಷ್ಟರಲ್ಲಿ ನಿಮ್ಮ ಟ್ರ್ಯಾಕ್ಟರ್ ಹೋಗಿರುತ್ತದೆ, ಆದರೆ ಎರಡನೆಯ ಟ್ರೇಲರಿನಿಂದ ರಸ್ತೆಯ ಕಡೆ ಚಾಚಿದ ಕಬ್ಬು ಇನ್ನೂ ಹೋಗಿರುವುದಿಲ್ಲ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳೂ ಇದನ್ನೇ ಹೇಳುತ್ತವೆ: ದೀಪದಿಂದ 8 ಮೀಟರ್ ದೂರದಲ್ಲಿ, ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿರುವ ಕಣ್ಣನ್ನು ಕೋರೈಸದಂತೆ ಕಿರಣ ಕೆಳಕ್ಕೆ ಬಾಗಿರಬೇಕು. ಹೆಚ್ಚುಕಡಿಮೆ ನನ್ನ ಕಣ್ಣಿನ ಎತ್ತರವೇ ಅದು.

ಯಾವ ದೀಪ ಹಾಕಿಸಿದರೂ ಅದರ ಓಲನ್ನು, ಅಂದರೆ ಕಿರಣ ಬಾಗಿರುವ ಕೋನವನ್ನು, ಸರಿಮಾಡಿಸಿ. ಸಮತಟ್ಟಾದ ಜಾಗದಲ್ಲಿ ಗೋಡೆಯಿಂದ ಏಳೂವರೆ ಮೀಟರ್ ದೂರ ನಿಲ್ಲಿಸಿ, ದೀಪದ ನಡುಮಧ್ಯದ ಎತ್ತರವನ್ನು ಗೋಡೆಯ ಮೇಲೆ ಗುರುತಿಸಿ, ಡಿಪ್ಪರಿನ ಮೇಲಂಚು ಆ ಗುರುತಿಗಿಂತ 15 ಸೆಂಟಿಮೀಟರ್ ಕೆಳಗೆ ಬೀಳುವಂತೆ ಮಾಡಿ. ದೀಪ 1.1 ಮೀಟರ್ ಎತ್ತರದಲ್ಲಿದ್ದರೆ ಬೆಳಕು 55 ಮೀಟರ್ ದೂರದಲ್ಲಿ ನೆಲ ಮುಟ್ಟುತ್ತದೆ. ಗಂಟೆಗೆ 25 ಕಿಲೋಮೀಟರಿನಲ್ಲಿ ಹೋಗುವವರಿಗೆ ಅದು ಏಳೆಂಟು ಸೆಕೆಂಡಿನ ದಾರಿ. ಒಂದು ಸೂಕ್ಷ್ಮವಿದೆ: ಎರಡೇ ಗಾಲಿಯ ಟ್ರೇಲರ್ ತನ್ನ ಭಾರದಲ್ಲಿ ಒಂದು ಪಾಲನ್ನು ಹುಕ್ಕಿನ ಮೇಲೆ ಹಾಕುತ್ತದೆ, ಆಗ ಟ್ರ್ಯಾಕ್ಟರಿನ ಮೂತಿ ಮೇಲೇಳುತ್ತದೆ, ದೀಪವೂ ಮೇಲೇಳುತ್ತದೆ. ಖಾಲಿ ಇದ್ದಾಗ ಸರಿಮಾಡಿದ ಓಲು ಹೇರಿದ ಮೇಲೆ ಸುಳ್ಳಾಗುತ್ತದೆ.

ಟ್ರೇಲರಿನ ಹಿಂಭಾಗದ ಮಾತನ್ನು ಯಾರೂ ಎತ್ತಿಲ್ಲ. ಆ ಚಕ್ಕಡಿ ನಿಮಗೆ ಕಾಣದ ಹಾಗೆಯೇ ನಿಮ್ಮ ಟ್ರೇಲರ್ ನಮಗೆ ಕಾಣುವುದಿಲ್ಲ. ಹಿಂದೆ ಕೆಂಪು, ಬದಿಗೆ ಹಳದಿ, ಮುಂದೆ ಬಿಳಿ ಪ್ರತಿಫಲನ ಪಟ್ಟಿ ಅಂಟಿಸಿರುತ್ತೀರಿ, ಸರಿ. ಆದರೆ ಜೋತುಬಿದ್ದ ಕಬ್ಬಿನ ಸೋಗೆ ಅದನ್ನೂ ಹಿಂದಿನ ದೀಪವನ್ನೂ ಮುಚ್ಚಿಬಿಟ್ಟಿರುತ್ತದೆ.

ಪ್ರಶ್ನೆ ಕೇಳಿದವ: ಘಟಪ್ರಭೆಯ ದಂಡೆಯವ

ಎಲ್ಲರಿಗೂ ಧನ್ಯವಾದ. ಹೇಳಿದ ಹಾಗೆ ಅಳೆದು ನೋಡಿದೆ. ಬ್ಯಾಟರಿಯಲ್ಲಿ 13.9 ಇತ್ತು, ಬಲಗಡೆ ಬಲ್ಬಿನಲ್ಲಿ 11.9, ಎಡಗಡೆ 11.4. ಎಡಗಡೆಯ ನಷ್ಟದಲ್ಲಿ 0.9 ವೋಲ್ಟ್ ಬರೀ ಅರ್ಥಿನದು. ಬಾನೆಟ್ಟಿನ ಕೀಲಿಗೆ ಎರಡು ವರ್ಷದ ಹಿಂದೆ ನಾನೇ ಬಣ್ಣ ಹೊಡೆದಿದ್ದೆ. ಎರಡು ರಿಲೇ, ಫ್ಯೂಸು, ವೈರು, ಬಲಗಡೆಗೆ ಒಂದು ಹೊಸ ಲ್ಯಾಂಪು, ಎರಡು ಸಾದಾ 60/55 ಬಲ್ಬು, ಕೂಲಿ ಎಲ್ಲ ಸೇರಿ 2,150 ರೂಪಾಯಿ ಆಯಿತು. ಈಗ ಎರಡೂ ಕಡೆ 13.5 ಸಿಗುತ್ತದೆ. ನಿಮ್ಮ ಘಾತದ ಲೆಕ್ಕ ಹಾಕಿದರೆ ಎಡಗಡೆಯ ಬೆಳಕು ಮುಂಚಿನದಕ್ಕಿಂತ ಮುಕ್ಕಾಲು ಪಾಲು ಹೆಚ್ಚಾಗಿರಬೇಕು. ಕಣ್ಣಿಗೂ ಹಾಗೆಯೇ ಕಾಣುತ್ತದೆ.

ಓಲನ್ನು ಸೊಸೈಟಿಯ ಗೋದಾಮಿನ ಗೋಡೆಗೆ ಹಿಡಿದು ಸರಿಮಾಡಿದೆವು. ಹೇರಿದ ಟ್ರೇಲರ್ ಕಟ್ಟಿ ನೋಡಿದರೆ ಗೆರೆ ಒಂದು ಗೇಣಿನ ಹತ್ತಿರ ಮೇಲೇರಿತ್ತು, ಆದ್ದರಿಂದ ಹೇರಿದ ಅಳತೆಗೇ ಸ್ಕ್ರೂ ಬಿಗಿದೆವು. ಖಾಲಿ ಮರಳುವಾಗ ಸ್ವಲ್ಪ ಹತ್ತಿರವೇ ಕಾಣುತ್ತದೆ, ಅದಕ್ಕೆ ತಕ್ಕಂತೆ ನಿಧಾನ ಬರುತ್ತೇನೆ. ಹಿಂದಿನ ದೀಪಕ್ಕೆ ಒಂದು ಹಲಗೆ ಮಾಡಿಸಿದ್ದೇನೆ: ಎರಡು ಕೆಂಪು ದೀಪ, ಕೆಂಪು ಪಟ್ಟಿ, ಉದ್ದನೆಯ ವೈರು, ಎರಡು ಸರಪಳಿ. ಹೇರಿದ ಮೇಲೆ ಸೋಗೆಯ ಹೊರಗೆ ಅದನ್ನು ತೂಗುಹಾಕುತ್ತೇವೆ. ಕಾರ್ಖಾನೆಯಲ್ಲಿ ಇಳಿಸುವ ಮೊದಲು ಬಿಚ್ಚಿಕೊಳ್ಳಲು ಮರೆತರೆ ಕಬ್ಬಿನ ಜೊತೆ ಅದೂ ಗಾಣಕ್ಕೆ ಹೋದೀತು ಎಂಬ ಚಿಂತೆ ಒಂದಿದೆ.

ಉತ್ತರ: ವೈರಿಂಗ್ ಕೆಲಸದವ, ಬಾಗಲಕೋಟೆ

ಸಂತೋಷ. ಹಲಗೆಯ ವೈರಿನ ಪ್ಲಗ್ಗನ್ನು ಚಾಲಕನ ಕೈಗೆ ಎಟಕುವಲ್ಲಿ, ಟ್ರ್ಯಾಕ್ಟರಿನ ಹಿಂಭಾಗದಲ್ಲಿಯೇ ಇಡಿ. ಟ್ರೇಲರ್ ಕಳಚಲು ಇಳಿದಾಗ ಅದು ಕಣ್ಣಿಗೆ ಬೀಳುತ್ತದೆ. ಇನ್ನೊಂದು: ಪೂರ್ತಿ ವೋಲ್ಟೇಜ್ ಸಿಕ್ಕ ಬಲ್ಬು ಮುಂಚಿನಷ್ಟು ವರ್ಷ ಬಾಳುವುದಿಲ್ಲ. ಟೂಲ್ ಬಾಕ್ಸಿನಲ್ಲಿ ಒಂದು ಬಲ್ಬನ್ನೂ ಒಂದು ಫ್ಯೂಸನ್ನೂ ಬಟ್ಟೆಯಲ್ಲಿ ಸುತ್ತಿ ಇಟ್ಟುಕೊಳ್ಳಿ.