ಹೊಂಗೆ ಮರ ಕಡಿಸೋದಾ, ಹಾಸಿಗೆ ಬಿಸಿಲಿಗೆ ಹಾಕೋದಾ? ವಸಂತದ ಸೀನು, ಕಣ್ಣುರಿ: ಈ ವಾರದ ಪ್ರಶ್ನೋತ್ತರ

(ಉತ್ತರಿಸುವವರು ನಮ್ಮ ಬಳಗದ ಕಿವಿ-ಮೂಗು-ಗಂಟಲು ವೈದ್ಯೆ. ಮನೆ ಮೈಸೂರು, ವಾರಕ್ಕೆರಡು ದಿನ ಮಂಡ್ಯದಲ್ಲಿ ರೋಗಿಗಳನ್ನು ನೋಡುತ್ತಾರೆ.)

ಪ್ರಶ್ನೆ, ಸರಸ್ವತಿಪುರಂ: ಡಾಕ್ಟ್ರೇ ನಮಸ್ಕಾರ. ನಮ್ಮ ಮನೆ ಮುಂದೆ ಹೊಂಗೆ ಮರ ಇದೆ, ಎದುರು ರಸ್ತೆ ತುಂಬ ಗುಲಾಬಿ ಬಣ್ಣದ ಟಬೂಬಿಯಾ. ನೋಡೋಕೆ ಎರಡು ಕಣ್ಣು ಸಾಲದು. ಆದರೆ ಶಿವರಾತ್ರಿ ಕಳೆದಾಗಿನಿಂದ ನನಗೆ ಬೆಳಿಗ್ಗೆ ಐದಕ್ಕೆ ಎದ್ದರೆ ಹನ್ನೆರಡು ಹದಿನೈದು ಸೀನು ಒಟ್ಟಿಗೆ. ಮೂಗಿಂದ ನೀರು, ಅಂಗುಳ ತುರಿಕೆ. ಜ್ವರ ಇಲ್ಲ. ಪಕ್ಕದ ಮನೆ ಅಂಕಲ್ "ಎಲ್ಲಾ ಆ ಹೊಂಗೆ ಹೂವಿಂದಮ್ಮ, ಕಡಿಸಿಬಿಡೋಣ" ಅಂತಿದ್ದಾರೆ. ಹೌದಾ?

ವೈದ್ಯೆ: ಮೊದಲು ಕೊಡಲಿ ಒಳಗಿಡಿ. ಹೊಂಗೆ ಹೂ ನೆಲಕ್ಕೆ ಬಿದ್ದಾಗ ಯಾರೋ ಪುರಿ ಚೆಲ್ಲಿದ ಹಾಗೆ ಕಾಣುತ್ತಲ್ಲ, ಅಷ್ಟು ಹೂ ಇರೋದು ಜೇನುನೊಣವನ್ನು ಕರೆಯೋಕೆ. ಟಬೂಬಿಯಾ, ಮುತ್ತುಗ, ಬೂರುಗ, ಕಕ್ಕೆ ಎಲ್ಲದರ ಕಥೆಯೂ ಇದೇ. ಬಣ್ಣ, ಮಕರಂದ ಇಟ್ಟುಕೊಂಡು ನೊಣಕ್ಕೋ ಹಕ್ಕಿಗೋ ಕಾಯುವ ಹೂಗಳ ಪರಾಗ ಭಾರ, ಅಂಟು. ಗಾಳಿಯಲ್ಲಿ ಹೆಚ್ಚು ದೂರ ಹೋಗೋದಿಲ್ಲ. ಮೂಗಿಗೆ ಬರೋದು ಯಾರೂ ತಿರುಗಿ ನೋಡದ ಹೂಗಳದ್ದು: ಹುಲ್ಲು, ಸರ್ವೆ, ಹರಳು, ಮುಳ್ಳುಹರಿವೆ, ಕಾಂಗ್ರೆಸ್ ಗಿಡ. ತಪಸಿ ಮರ ಎಲೆ ಉದುರಿಸಿದ ಮೇಲೆ ಬರಿಕೊಂಬೆಗೆ ಸಣ್ಣ ಹೂ ಬಿಡುತ್ತೆ. ಅದು ಹೂ ಅಂತ ಗೊತ್ತಾಗೋದೇ ಕೆಳಗೆ ಕಾಗದದಂಥ ಬಿಲ್ಲೆಬೀಜ ಬಿದ್ದಾಗ. ಗಾಳಿಯನ್ನೇ ನಂಬಿದ ಇಂಥವು ಪರಾಗವನ್ನು ರಾಶಿರಾಶಿ ಸುರೀತವೆ. ಸಾವಿರದಲ್ಲಿ ಒಂದಾದರೂ ಇನ್ನೊಂದು ಹೂ ಮುಟ್ಟಲಿ ಅನ್ನೋ ಲೆಕ್ಕ. ಮಿಕ್ಕಿದ್ದು ನಮ್ಮ ಮೂಗಿಗೆ.

ಇದನ್ನು ತನ್ನ ಮೇಲೇ ಪ್ರಯೋಗ ಮಾಡಿ ತೋರಿಸಿದವನು ಇಂಗ್ಲೆಂಡಿನ ಚಾರ್ಲ್ಸ್ ಬ್ಲ್ಯಾಕ್ಲಿ. ಹುಲ್ಲಿನ ಪರಾಗ ತನ್ನ ಮೂಗಿಗೇ ಹಚ್ಚಿಕೊಂಡು ಸೀನಿ ಸೀನಿ 1873ರಲ್ಲಿ ಪುಸ್ತಕ ಬರೆದ. ಇಂಗ್ಲೆಂಡಿನವರು ಅದನ್ನು "ಹೇ ಫೀವರ್" ಅಂದರು. ಹುಲ್ಲೊಣಗಿಸುವ ಕಾಲದ ಜ್ವರ ಅಂತ. ಜ್ವರವೇ ಇಲ್ಲದ ಜ್ವರ ಅದು, ನಿಮ್ಮದರ ಹಾಗೆ. ನೆಗಡಿಯಾಗಿದ್ದರೆ ಹತ್ತು ದಿನದೊಳಗೆ ಹೋಗಬೇಕಿತ್ತು, ಇಷ್ಟು ತುರಿಕೆಯೂ ಇರುತ್ತಿರಲಿಲ್ಲ.

ಈಗ ನನ್ನದು ಎರಡು ಪ್ರಶ್ನೆ. ಹೊರಗೆ ವಾಕಿಂಗ್ ಹೋದಾಗ ಸೀನು ಜಾಸ್ತಿನಾ, ಹಾಸಿಗೆಯಿಂದ ಏಳುವಾಗಲಾ? ಯುಗಾದಿಗೆ ಅಂತ ಮನೆ ಧೂಳು ಹೊಡೆದಿರಾ?

ಸರಸ್ವತಿಪುರಂ: ಅಯ್ಯೋ, ಹೇಗೆ ಗೊತ್ತಾಯ್ತು! ಕುಕ್ಕರಹಳ್ಳಿ ಕೆರೆ ಸುತ್ತ ಒಂದು ಸುತ್ತು ಹಾಕಿದರೆ ಆರಾಮ ಅನ್ಸುತ್ತೆ. ಏಳುವಾಗಲೇ ಜಾಸ್ತಿ. ಶಿವರಾತ್ರಿ ಆದ ಮೇಲೆ ಅಟ್ಟ ಎಲ್ಲ ಇಳಿಸಿ ಗುಡಿಸಿದ್ವಿ. ಅಮ್ಮ ನನ್ನ ಮದುವೆಗೆ ಕೊಟ್ಟ ಬೂರುಗದ ಹತ್ತಿ ಹಾಸಿಗೆನೂ ಇಳಿಸಿ ಈಗ ಅದರ ಮೇಲೇ ಮಲಗ್ತಿದ್ದೀನಿ, ತಂಪಾಗಿರುತ್ತೆ ಅಂತ.

ವೈದ್ಯೆ: ಸಿಕ್ಕಿತಲ್ಲ ಕಳ್ಳ! ಪೂರ್ತಿ ತೀರ್ಪು ಅಲ್ಲ, ಅನುಮಾನ ಮಾತ್ರ. ನಮ್ಮ ಕಡೆ ಅಲರ್ಜಿ ಅಂತ ಬರುವವರಲ್ಲಿ ಹೆಚ್ಚಿನವರಿಗೆ ಕಾಟ ಕೊಡೋದು ಮನೆ ಧೂಳಿನ ನುಸಿ. ಕಣ್ಣಿಗೆ ಕಾಣದ ಪ್ರಾಣಿ. ನಮ್ಮ ಮೈಯಿಂದ ಉದುರುವ ಚರ್ಮದ ಹೊಟ್ಟು ತಿಂದು ಹಾಸಿಗೆ, ದಿಂಬಿನಲ್ಲಿ ಬದುಕುತ್ತೆ. ಅದರ ಹಿಕ್ಕೆಯೇ ಅಲರ್ಜಿಗೆ ಮೂಲ. ವರ್ಷಗಟ್ಟಲೆ ಅಟ್ಟದಲ್ಲಿದ್ದ ಹಾಸಿಗೆ ಅಂದರೆ ಕೇಳಬೇಕೇ. ಹೂ ಬಿಡುವ ಕಾಲವೂ ಹಬ್ಬಕ್ಕೆ ಧೂಳು ಹೊಡೆಯುವ ಕಾಲವೂ ಒಂದೇ ಆಗಿರೋದರಿಂದ ಬೈಗುಳ ಪಾಪ ಹೂವಿಗೆ.

ಆ ಹಾಸಿಗೆ ಪಕ್ಕಕ್ಕಿಡಿ. ಹೊದಿಕೆ, ದಿಂಬಿನ ಕವರ್ ವಾರಕ್ಕೊಮ್ಮೆ ಕೈ ಇಡಲಾಗದಷ್ಟು ಬಿಸಿನೀರಿನಲ್ಲಿ ಒಗೆದು ಬಿಸಿಲಲ್ಲಿ ಒಣಗಿಸಿ. ಅರವತ್ತು ಡಿಗ್ರಿ ಇದ್ದರೆ ನುಸಿ ಸಾಯುತ್ತೆ. ಕಸ ಗುಡಿಸುವ ಬದಲು ಒದ್ದೆ ಬಟ್ಟೆಯಲ್ಲಿ ಒರೆಸಿ, ಅದೂ ನೀವಲ್ಲ, ಮನೆಯಲ್ಲಿ ಬೇರೆ ಯಾರಾದರೂ. (ಇದನ್ನು ಯಜಮಾನರಿಗೆ ತೋರಿಸಿ.) ಜೊತೆಗೆ ಒಮ್ಮೆ ಬಂದು ತೋರಿಸಿ. ಸ್ಟೀರಾಯ್ಡ್ ಇರುವ ಮೂಗಿನ ಸ್ಪ್ರೇ ಬೇಕಾಗಬಹುದು. ಸ್ಟೀರಾಯ್ಡ್ ಅಂದ ಕೂಡಲೇ ಹೆದರಬೇಡಿ, ಮೂಗಿಗೆ ಬೀಳುವ ಪ್ರಮಾಣ ತೀರಾ ಕಡಿಮೆ. ಆದರೆ ಪೂರ್ತಿ ಗುಣ ಕಾಣೋಕೆ ಒಂದೆರಡು ವಾರ ಬೇಕು. ಮೂರು ದಿನ ಹೊಡೆದು "ಕೆಲಸ ಮಾಡ್ಲಿಲ್ಲ" ಅಂತ ಬಿಡೋರೇ ಜಾಸ್ತಿ. ಹೊಡೆಯುವಾಗ ತುದಿ ನಡುಗೋಡೆ ಕಡೆ ಬೇಡ, ಆಯಾ ಬದಿಯ ಕಣ್ಣಿನ ಕಡೆ ತಿರುಗಲಿ. ಬಲಗೈಯಲ್ಲಿ ಎಡ ಹೊಳ್ಳೆಗೆ, ಎಡಗೈಯಲ್ಲಿ ಬಲ ಹೊಳ್ಳೆಗೆ ಹೊಡೆದರೆ ತಾನಾಗಿ ಸರಿಹೋಗುತ್ತೆ. ಜೋರಾಗಿ ಎಳೆದುಕೊಳ್ಳಬೇಡಿ, ಗಂಟಲಿಗೆ ಹೋಗುತ್ತೆ.

ಯಾವುದು ಅಂತ ಖಚಿತವಾಗಬೇಕಾದರೆ ಚರ್ಮಕ್ಕೆ ಚುಚ್ಚಿ ನೋಡುವ ಪರೀಕ್ಷೆ ಇದೆ. ಅದಕ್ಕೆ ಒಂದು ವಾರ ಮುಂಚೆ ಅಲರ್ಜಿ ಮಾತ್ರೆ ನಿಲ್ಲಿಸಿರಬೇಕು. ಇನ್ನು ಅಂಕಲ್‌ಗೆ ಹೇಳಿ: ಅನುಮತಿ ಇಲ್ಲದೆ ಮರ ಕಡಿಯೋ ಹಾಗಿಲ್ಲ, 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಇದೆ.

ಪ್ರಶ್ನೆ, ಅಗ್ರಹಾರ: ಮೇಡಂ, ಆಟೋ ಓಡಿಸ್ತೀನಿ. ಮೆಡಿಕಲ್‌ನಲ್ಲಿ ಕೊಟ್ಟ ಸಿಟ್ರಿಜಿನ್ ತಗೊಂಡ್ರೆ ಸಿಗ್ನಲ್ಲಲ್ಲೇ ತೂಕಡಿಕೆ. ಮೂಗು ಕಟ್ಟಿದಾಗ ಹಾಕೋ ಡ್ರಾಪ್ಸು ಎರಡು ತಿಂಗಳಿಂದ ಹಾಕ್ತಿದ್ದೀನಿ, ಈಗ ಅದಿಲ್ದೆ ಉಸಿರೇ ಆಡಲ್ಲ.

ವೈದ್ಯೆ: ಅಣ್ಣಾ, ಆ ಡ್ರಾಪ್ಸೇ ಈಗ ಕಾಯಿಲೆ. ಕ್ಸೈಲೋಮೆಟಜೋಲಿನ್, ಆಕ್ಸಿಮೆಟಜೋಲಿನ್ ಥರದವು ಐದು ದಿನಕ್ಕಿಂತ ಹೆಚ್ಚು ಬೇಡ. ಅದರ ಅಮಲು ಇಳಿದ ಕೂಡಲೇ ಮೂಗು ಮೊದಲಿಗಿಂತ ಜಾಸ್ತಿ ಕಟ್ಟುತ್ತೆ, ನೀವು ಮತ್ತೆ ಹಾಕ್ತೀರಿ. ಬಿಡಿಸಬಹುದು, ಆದರೆ ವೈದ್ಯರ ಹತ್ತಿರ ತೋರಿಸಿಯೇ ಬಿಡಿ. ಫೆಕ್ಸೊಫೆನಡಿನ್ ಅನ್ನೋ ಮಾತ್ರೆಗೆ ನಿದ್ದೆ ಕಡಿಮೆ, ನಿಮಗೆ ಆಗುತ್ತಾ ಅಂತ ಅವರನ್ನೇ ಕೇಳಿ. ಅದನ್ನು ನೀರಲ್ಲೇ ನುಂಗಿ, ಕಿತ್ತಳೆ ಜ್ಯೂಸ್ ಜೊತೆ ತಗೊಂಡರೆ ಮೈಗೆ ಸರಿಯಾಗಿ ಹಿಡಿಯೋದಿಲ್ಲ.

ಪ್ರಶ್ನೆ, ಮದ್ದೂರು: ಮೇಡಂ, ನನ್ನ ಮಗನಿಗೆ ಒಂಬತ್ತು ವರ್ಷ. ಬೇಸಿಗೆ ಶುರುವಾದರೆ ಕಣ್ಣು ಉಜ್ಜಿ ಉಜ್ಜಿ ಕೆಂಡ ಮಾಡ್ಕೋತಾನೆ. ದಾರದ ಥರ ಪಿಸುರು ಬರುತ್ತೆ, ಬಿಸಿಲು ನೋಡೋಕಾಗಲ್ಲ. ಹೋದ ವರ್ಷ ಒಂದು ಡ್ರಾಪ್ಸ್ ಹಾಕಿದಾಗ ಎರಡೇ ದಿನಕ್ಕೆ ಹೋಗಿತ್ತು. ಅದನ್ನೇ ತಂದು ಹಾಕ್ಲಾ?

ವೈದ್ಯೆ: ಬೇಡಮ್ಮಾ. ಆ ಸೀಸೆಯ ಹೆಸರು ಇಲ್ಲಿ ಬರೆಯಿರಿ ಮೊದಲು.

ಮದ್ದೂರು: ಡೆಕ್ಸಾಮೆಥಸೋನ್ ಅಂತಿದೆ.

ವೈದ್ಯೆ: ಅಂದುಕೊಂಡಿದ್ದೆ. ಅದು ಸ್ಟೀರಾಯ್ಡ್. ಮೇಲೆ ಮೂಗಿನ ಸ್ಪ್ರೇಗೆ ಹೆದರಬೇಡಿ ಅಂದವಳೇ ಈಗ ಇದಕ್ಕೆ ಹೆದರಿ ಅಂತಿದ್ದೀನಿ. ಕಣ್ಣಿಗೆ ಸ್ಟೀರಾಯ್ಡ್ ಹನಿ ತಿಂಗಳುಗಟ್ಟಲೆ, ನೋಡುವವರಿಲ್ಲದೆ ಬಿದ್ದರೆ ಕಣ್ಣಿನ ಒತ್ತಡ ಏರುತ್ತೆ. ನೋವಿಲ್ಲದೆ ದೃಷ್ಟಿ ಹೋಗುತ್ತೆ, ಹೋದದ್ದು ವಾಪಸ್ ಬರೋದಿಲ್ಲ. ಕಣ್ಣಿನ ವೈದ್ಯರು ಅದನ್ನೇ ಬರೆಯಬಹುದು, ಆದರೆ ಇಷ್ಟೇ ದಿನ ಅಂತ ಲೆಕ್ಕ ಹಾಕಿ, ಒತ್ತಡ ಅಳೆದು ಬರೀತಾರೆ.

ನೀವು ಹೇಳಿದ ಲಕ್ಷಣಕ್ಕೆ ವರ್ನಲ್ ಅನ್ನೋ ಕಣ್ಣಿನ ಅಲರ್ಜಿ ಹೊಂದುತ್ತೆ. ವರ್ನಲ್ ಅಂದರೆ ವಸಂತದ್ದು ಅಂತಲೇ ಅರ್ಥ. ಹೆಚ್ಚಾಗಿ ಗಂಡುಮಕ್ಕಳಿಗೆ, ಬಿಸಿ ಒಣ ಹವೆ ಇರುವ ಕಡೆ ಬರುತ್ತೆ. ಹದಿಹರೆಯ ದಾಟುವ ಹೊತ್ತಿಗೆ ಬಹುಪಾಲು ತಾನಾಗಿ ಇಳಿಯುತ್ತೆ. ಅಲ್ಲಿಯವರೆಗೆ ಕಣ್ಣುಜ್ಜದ ಹಾಗೆ ನೋಡಿಕೊಳ್ಳೋದೇ ದೊಡ್ಡ ಕೆಲಸ, ಯಾಕಂದರೆ ಉಜ್ಜಿ ಉಜ್ಜಿ ಕರಿಗುಡ್ಡೆ ಮೇಲಿನ ಪೊರೆ ತೆಳುವಾಗಿ ಶಂಕುವಿನಂತೆ ಉಬ್ಬಬಹುದು. ಬೈದರೆ ನಿಲ್ಲಿಸೋಲ್ಲ, ತುರಿಕೆ ಅಂಥದ್ದು. ತಣ್ಣೀರಲ್ಲಿ ಹಿಂಡಿದ ಶುದ್ಧ ಬಟ್ಟೆ ಮುಚ್ಚಿದ ಕಣ್ಣಿನ ಮೇಲಿಡಿ, ಆಟಕ್ಕೆ ಹೋಗುವಾಗ ಅಂಚಿರುವ ಟೋಪಿ ಹಾಕಿ. ಈ ವಾರವೇ ಕಣ್ಣಿನ ವೈದ್ಯರಲ್ಲಿ ಕರೆದೊಯ್ಯಿರಿ. ನಾನು ಮೂಗಿನವಳು, ಇದಕ್ಕಿಂತ ಹೆಚ್ಚು ಹೇಳಬಾರದು.

ಪ್ರಶ್ನೆ, ಪಾಂಡವಪುರ: ಮೇಡಮ್ನೋರೇ, ನಾಲೆ ಏರಿ ಮ್ಯಾಲೆ ಕಾಂಗ್ರೆಸ್ ಗಿಡ ಕಿತ್ತು ಕಿತ್ತು ಕತ್ತು, ಮೊಣಕೈ, ಕಣ್ರೆಪ್ಪೆ ಎಲ್ಲಾ ಕಪ್ಪಾಗಿ ಒರಟಾಗವೆ. ನವೆ ತಡಿಯಕಾಯ್ತಿಲ್ಲ. ಇದೂ ಪರಾಗವಾ?

ವೈದ್ಯೆ: ಅಣ್ಣಾ, ಇದು ಸೀನಿನ ದಾರಿಯದಲ್ಲ. ಆ ಗಿಡದ ರಸದಲ್ಲಿ, ಎಲೆ ಮೇಲಿನ ರೋಮದಲ್ಲಿ ಪಾರ್ಥೆನಿನ್ ಅನ್ನೋ ಪದಾರ್ಥ ಇದೆ. ಅದು ಚರ್ಮಕ್ಕೆ ಆಗದೆ ಬರುವ ಅಲರ್ಜಿ. ಒಣಗಿದ ಗಿಡದ ಪುಡಿ ಗಾಳಿಗೆ ಎದ್ದರೂ ಸಾಕು, ಅದಕ್ಕೇ ಮುಟ್ಟದ ರೆಪ್ಪೆಗೂ ಬಂದಿದೆ. ಮೆಕ್ಸಿಕೋ ಕಡೆಯ ಗಿಡ ಇದು. ಇದನ್ನು ತಿನ್ನಲಿ ಅಂತ ಅಲ್ಲಿಂದಲೇ ತಂದ ದುಂಬಿಯನ್ನು 1984ರಲ್ಲಿ ಬೆಂಗಳೂರಲ್ಲಿ ಬಿಟ್ಟಿದ್ದರು. ಮಳೆಗಾಲದಲ್ಲಿ ಎಲೆ ಜರಡಿ ಮಾಡುತ್ತೆ, ಆದರೂ ಗಿಡ ಸೋತಿಲ್ಲ.

ನೀವಿನ್ನು ಕೀಳಬೇಡಿ. ಮನೇಲಿ ಬೇರೆಯವರು ಕೀಳೋದಾದರೆ ಹೂ ಬಿಡೋಕೆ ಮುಂಚೆ, ನೆಲ ಹಸಿ ಇದ್ದಾಗ, ಕೈಗವಸು, ತುಂಬುತೋಳಿನ ಅಂಗಿ ಹಾಕಿಕೊಂಡು ಕೀಳಲಿ. ರಾಶಿ ಹಾಕಿ ಬೆಂಕಿ ಇಡಬೇಡಿ. ಚರ್ಮದ ವೈದ್ಯರಿಗೆ ತೋರಿಸಿ. ರಾತ್ರಿ ಉಬ್ಬಸ, ಎದೆಯಲ್ಲಿ ಸುಯ್ ಅನ್ನೋ ಸದ್ದು ಇದೆಯಾ?

ಪಾಂಡವಪುರ: ನಂಗಿಲ್ಲ. ನಮ್ಮವ್ವಂಗದೆ, ಪಕ್ಕದ ಆಲೆಮನೆ ಹೊಗೆ ಬಂದಾಗ.

ವೈದ್ಯೆ: ಹಾಗಾದರೆ ಅವ್ವನನ್ನು ಮೊದಲು ಕರೆದುಕೊಂಡು ಬನ್ನಿ, ನಿಮ್ಮ ಕೈ ಆಮೇಲೆ. ಮಾತಾಡೋಕೂ ಉಸಿರು ಸಾಲದೆ ಹೋದರೆ, ತುಟಿ ನೀಲಿಯಾದರೆ ಬೆಳಗಾಗಲಿ ಅಂತ ಕಾಯಬೇಡಿ, 108ಕ್ಕೆ ಫೋನ್ ಮಾಡಿ.

ಪ್ರಶ್ನೆ, ಜಯಲಕ್ಷ್ಮೀಪುರಂ: ಊರ ಜೇನುತುಪ್ಪ ದಿನಾ ಒಂದು ಚಮಚ ತಿಂದರೆ ಪರಾಗ ಒಗ್ಗಿಹೋಗುತ್ತಂತೆ?

ವೈದ್ಯೆ: ಜೇನು ಹೋಗೋದು ಹೊಂಗೆಗೆ, ನಿಮ್ಮನ್ನು ಸೀನಿಸುವ ಹುಲ್ಲಿನ ಹತ್ತಿರ ಅದಕ್ಕೇನು ಕೆಲಸ? ರುಚಿಗೆ ತಿನ್ನಿ. ನಿಜವಾಗಿ ಒಗ್ಗಿಸುವ ಚಿಕಿತ್ಸೆ ಬೇರೆ ಇದೆ, ಮೂರರಿಂದ ಐದು ವರ್ಷ ಹಿಡಿಯುತ್ತೆ.

ಸರಸ್ವತಿಪುರಂ (ಹನ್ನೆರಡು ದಿನದ ನಂತರ): ಮೇಡಂ, ಬಂದು ತೋರಿಸಿದ್ನಲ್ಲ, ಸ್ಪ್ರೇ ಹೊಡೀತಿದ್ದೀನಿ. ಹಾಸಿಗೆ ಪಕ್ಕಕ್ಕಿಟ್ಟೆ, ಅಮ್ಮನಿಗೆ ಹೇಳಿಲ್ಲ. ಇವತ್ತು ಬೆಳಿಗ್ಗೆ ಮೂರೇ ಸೀನು. ಅಂಕಲ್ ಬಿಸಿಲು ತಡೀಲಾರದೆ ಸ್ಕೂಟರ್‌ನ ಹೊಂಗೆ ಕೆಳಗೇ ನಿಲ್ಲಿಸಿದ್ದಾರೆ, ಸೀಟಿನ ಮೇಲೆಲ್ಲಾ ಹೂ.

ವೈದ್ಯೆ: ಮೂರಕ್ಕೆ ಇಳಿಯಿತು ಅಂತ ಸ್ಪ್ರೇ ನಿಲ್ಲಿಸಬೇಡಿ. ಸ್ಕೂಟರ್ ಫೋಟೋ ಹಾಕಿ.