ಕ್ಯಾಮೆರಾ ಮುಚ್ಚಿದ್ಮೇಲೆ ಎನ್‌ಕೋಡರ್ ಮುಟ್ಟಿದ್ರೆ ಬೋರ್ಡ್ ಹ್ಯಾಂಗ್, ಪವರ್ ಡೊಮೇನ್ ಗೊತ್ತಿರೋರು ನೋಡಿ

ಹಿಂಜವಡಿ_ಫೇಸ್3:
ಎಲ್ರಿಗೂ ನಮಸ್ಕಾರ. ಪುಣೆಯಲ್ಲಿ ಎಂಬೆಡೆಡ್ ಲಿನಕ್ಸ್ ಕೆಲಸ, ಮೂರು ದಿನದಿಂದ ಒಂದೇ ಕಡೆ ಸಿಕ್ಕಾಕೊಂಡಿದೀನಿ. ನಮ್ ಚಿಪ್‌ನಲ್ಲಿ ಮೀಡಿಯಾ ಅಂತ ಒಂದು ಪವರ್ ಡೊಮೇನ್ (ಒಟ್ಟಿಗೇ ಪವರ್ ಆನ್-ಆಫ್ ಆಗೋ ಭಾಗ), ಅದರ ಕೆಳಗೆ ಎನ್‌ಕೋಡರ್ (ವಿಡಿಯೋ ಕುಗ್ಗಿಸೋದು), ಐಎಸ್‌ಪಿ (ಕ್ಯಾಮೆರಾ ಚಿತ್ರ ಸರಿಮಾಡೋದು) ಅಂತ ಎರಡು, ಇವನ್ನ ಕರ್ನಲ್‌ನಿಂದ ಆನ್-ಆಫ್ ಮಾಡೋ ಜೆನ್‌ಪಿಡಿ ಡ್ರೈವರ್ ನಾನೇ ಬರೆದಿದ್ದು. ಬೂಟ್ ಆದ ತಕ್ಷಣ ಎನ್‌ಕೋಡರ್ ಚೆನ್ನಾಗೇ ಓಡುತ್ತೆ, ಆದ್ರೆ ಒಂದ್ಸಲ ಕ್ಯಾಮೆರಾ ಆನ್ ಮಾಡಿ ಆಫ್ ಮಾಡಿದ್ಮೇಲೆ ಎನ್‌ಕೋಡರ್‌ನ ಮೊದಲನೇ ರಿಜಿಸ್ಟರ್ ಓದೋ ಸಾಲಿಗೆ ಬಂದ್ರೆ ಸೀರಿಯಲ್ ಕನ್ಸೋಲ್ ಅಲ್ಲೇ ನಿಂತ್ಬಿಡುತ್ತೆ, ಪ್ಯಾನಿಕ್, ಊಪ್ಸ್ ಅಂತ ಕರ್ನಲ್ ಎರರ್ ಏನೂ ಇಲ್ಲ, ಸ್ವಲ್ಪ ಹೊತ್ತಿಗೆ ಹ್ಯಾಂಗ್ ಕಾಯೋ ವಾಚ್‌ಡಾಗ್ ಟೈಮರ್‌ನಿಂದ ರೀಸೆಟ್. ಪಿಡಿ_ಇಗ್ನೋರ್_ಅನ್‌ಯೂಸ್ಡ್ ಅನ್ನೋ ಬೂಟ್ ಆಪ್ಷನ್ ಹಾಕಿದ್ರೂ ಅದೇ ಕಥೆ. ಎನ್‌ಕೋಡರ್ ಆನ್ ಮಾಡೋಕೆ ಕರ್ನಲ್ ಕರೆಯೋ ಪವರ್_ಆನ್ ಕಾಲ್‌ಬ್ಯಾಕ್ ಒಳಗೇ ಮೀಡಿಯಾನೂ ಆನ್ ಮಾಡಿಬಿಡೋಣ ಅಂತಿದೀನಿ, ಸರಿನಾ?

ಪವಾಯಿ_ಧಾರವಾಡ:
ಹಂಗ ಮಾಡಬ್ಯಾಡ್ರಿ ಸರ್. ಮೀಡಿಯಾದ ಕೆಳಗ ಎಷ್ಟು ಮಕ್ಕಳು ಆನ್ ಅದಾವು ಅಂತ ಕರ್ನಲ್ ಎಸ್‌ಡಿ_ಕೌಂಟ್‌ನಾಗ ಲೆಕ್ಕ ಇಟ್ಟಿರ್ತೈತಿ, ನೀವು ಕಾಲ್‌ಬ್ಯಾಕ್‌ನಾಗ ಕೈಯಾರೆ ಆನ್ ಮಾಡಿದ್ದು ಆ ಲೆಕ್ಕಕ್ಕ ಬರೂದಿಲ್ಲ, ಐಎಸ್‌ಪಿ ಆಫ್ ಆಗಿ ಕೌಂಟ್ ಸೊನ್ನೆ ಆದ ಕೂಡ್ಲೆ ಮೀಡಿಯಾ ಆಫ್, ಎನ್‌ಕೋಡರ್ ನಡು ದಾರಿಯಾಗ ಇದ್ರೂ ಅಷ್ಟ. ನಿಮಗ ಈಗ ಆಗಾಕತ್ತಿದ್ದೂ ಅದ ಅನಸ್ತೈತಿ: ಐಎಸ್‌ಪಿ ಮೀಡಿಯಾಕ್ಕ ಮಗ ಅಂತ ಲಿಂಕ್ ಆಗೇತಿ, ಎನ್‌ಕೋಡರ್ ಆಗಿಲ್ಲ. ಬೂಟ್‌ಲೋಡರ್ ಮೀಡಿಯಾನ ಆನ್ ಇಟ್ಟು ಬಿಟ್ಟಿದ್ದಕ್ಕ ಮೊದಲು ಓಡತೈತಿ, ಕ್ಯಾಮೆರಾ ಮುಚ್ಚಿದಾಗ ಹೋಗ್ತೈತಿ. ಪಿಡಿ_ಇಗ್ನೋರ್_ಅನ್‌ಯೂಸ್ಡ್ ಬೂಟ್ ಕೊನೀಗೆ ಯಾರೂ ಬಳಸದ ಡೊಮೇನ್ ಆರಸೂದನ್ನಷ್ಟ ತಡೀತೈತಿ, ಇಲ್ಲಿ ಅದರ ಕೆಲಸ ಇಲ್ಲ.

ಪಿಎಂ_ಜೆನ್‌ಪಿಡಿ_ಇನಿಟ್‌ಗೆ ಮೂರನೇ ಆರ್ಗ್ಯುಮೆಂಟ್ (ಡೊಮೇನ್ ಶುರುವಿಗೆ ಆಫ್ ಐತೇನು ಅಂತ ಹೇಳೂದು) ಏನ್ ಕೊಟ್ಟೀರಿ? ಮಗನ್ನ ತಂದಿಗೆ ಲಿಂಕ್ ಮಾಡೂ ಆಡ್_ಸಬ್‌ಡೊಮೇನ್ ಫಂಕ್ಷನ್‌ನ ರಿಟರ್ನ್ ವ್ಯಾಲ್ಯೂ ನೋಡೀರೇನು?

ಹಿಂಜವಡಿ_ಫೇಸ್3:
ಅಯ್ಯೋ, ನೋಡೇ ಇರ್ಲಿಲ್ಲ. ಪ್ರಿಂಟ್ ಹಾಕ್ದೆ, ಐಎಸ್‌ಪಿಗೆ 0 (ಸರಿ), ಎನ್‌ಕೋಡರ್‌ಗೆ -22 (ತಪ್ಪು ಆರ್ಗ್ಯುಮೆಂಟ್ ಅನ್ನೋ ಎರರ್). ಇನಿಟ್‌ನಲ್ಲಿ ಮೀಡಿಯಾ ಆಫ್, ಐಎಸ್‌ಪಿ ಆಫ್, ಎನ್‌ಕೋಡರ್ ಆನ್ ಅಂತ ಕೊಟ್ಟಿದೀನಿ.

ಪವಾಯಿ_ಧಾರವಾಡ:
ಸಿಕ್ತು ನೋಡ್ರಿ. ತಂದಿ ಆಫ್, ಮಗ ಆನ್ ಅಂತ ಹೇಳಿದ್ರ ಕೋರ್ ಒಪ್ಪೂದಿಲ್ಲ, ಹಾರ್ಡ್‌ವೇರ್‌ನಾಗ ಅಂಥಾ ಸ್ಥಿತಿನ ಇರಾಕ ಸಾಧ್ಯ ಇಲ್ಲ. ಆನ್ ಮಾಡುವಾಗ ತಂದಿ ಮೊದಲು, ಆಫ್ ಮಾಡುವಾಗ ಮಗ ಮೊದಲು, ಪೂರ್ತಿ ಕೋಡ್ ಇದರ ಮ್ಯಾಲ ನಿಂತೈತಿ. ಡ್ರೈವರ್ ಶುರುವಾಗೂ ಪ್ರೋಬ್ ಫಂಕ್ಷನ್‌ನಾಗ ಪವರ್ ಕಂಟ್ರೋಲರ್‌ನ ಸ್ಟೇಟಸ್ ರಿಜಿಸ್ಟರ್ ಓದ್ರಿ, ಇದ್ದದ್ದು ಇದ್ದಂಗ ಇನಿಟ್‌ಗೆ ಕೊಡ್ರಿ, ಅಂದಾಜಿಗೆ ಬರೀಬ್ಯಾಡ್ರಿ.

ವಾಸ್ಕೋ_ಕಾರವಾರ:
ಇದಕ್ಕೇ ಸೇರಿಸ್ತೀನಿ, ನಾವು ಗೋವಾದಲ್ಲಿ ಒಂದು ಬೋರ್ಡಿಗೆ ಇದೇ ಕೆಲಸ ಮಾಡುವಾಗ ಇನ್ನೊಂದು -22ಗೆ ಎರಡು ದಿನ ಹೋಗಿತ್ತು. ಮಗುವಿಗೆ ಐಆರ್‌ಕ್ಯೂ_ಸೇಫ್ ಫ್ಲ್ಯಾಗ್ (ಇಂಟರಪ್ಟ್ ಆಫ್ ಇದ್ದಾಗಲೂ ಆನ್-ಆಫ್ ಮಾಡಬಹುದು ಅನ್ನೋದು) ಹಾಕಿ ತಂದೆಗೆ ಹಾಕದೇ ಇದ್ರೂ ಅದೇ ಎರರ್ ಬರುತ್ತೆ. ಅದಕ್ಕಂತ ತಂದೆಗೂ ಸುಮ್ನೆ ಫ್ಲ್ಯಾಗ್ ಹಾಕಕ್ಕಾಗಲ್ಲ, ನಮ್ದು ವೋಲ್ಟೇಜ್ ಕೊಡೋ ರೆಗ್ಯುಲೇಟರ್ ಐ2ಸಿ ಬಸ್ ಮೇಲಿತ್ತು, ಐ2ಸಿ ನಿದ್ದೆ ಮಾಡುತ್ತೆ, ಆ ಫ್ಲ್ಯಾಗ್ ಇದ್ರೆ ಬಳಸೋ ಸ್ಪಿನ್‌ಲಾಕ್ (ನಿದ್ದೆಗೆ ಬಿಡದ ಲಾಕ್) ಹಿಡ್ಕೊಂಡು ಅದನ್ನ ಕರೆಯೋ ಹಾಗಿಲ್ಲ. ಕೊನೆಗೆ ಮಗುವಿನ ಫ್ಲ್ಯಾಗೇ ತೆಗೆದ್ವಿ.

ಹಿಂಜವಡಿ_ಫೇಸ್3:
ಸ್ಟೇಟಸ್ ಓದಿದ್ರೆ ಮೀಡಿಯಾ ನಿಜವಾಗ್ಲೂ ಆನ್ ಇತ್ತು! ಸರಿಮಾಡಿದ್ಮೇಲೆ ಎರಡಕ್ಕೂ 0 ಬಂತು. ಡಿಬಗ್‌ಎಫ್‌ಎಸ್‌ನಲ್ಲಿ ಡೊಮೇನ್‌ಗಳ ಪಟ್ಟಿ ತೋರಿಸೋ ಪಿಎಂ_ಜೆನ್‌ಪಿಡಿ_ಸಮ್ಮರಿ ಫೈಲ್ ತೆಗೆದ್ರೆ ಮೀಡಿಯಾ ಎದುರಿಗೆ ನಿನ್ನೆವರೆಗೆ ಐಎಸ್‌ಪಿ ಒಂದೇ ಇತ್ತು, ಇವತ್ತು ಎನ್‌ಕೋಡರ್ ಕೂಡ ಇದೆ. ಕ್ಯಾಮೆರಾ ಐವತ್ತು ಸಲ ತೆಗೆದು ಮುಚ್ಚಿ ಎನ್‌ಕೋಡರ್ ಓಡಿಸಿದೆ, ಒಂದ್ಸಲಾನೂ ಹ್ಯಾಂಗ್ ಆಗ್ಲಿಲ್ಲ. ಇಬ್ಬರಿಗೂ ತುಂಬಾ ಥ್ಯಾಂಕ್ಸ್ ರೀ.