ಡ್ರೂಸನ್ ಇದ್ದರೆ ಕೊಲಾಜನ್ ಪುಡಿ ಕುಡಿದು ಪ್ರಯೋಜನ ಇದೆಯಾ?

ಹಳೇಸ್ಕೂಟರ್:
ಅಮ್ಮನಿಗೆ 68. ಕನ್ನಡಕದ ನಂಬರ್ ನೋಡಿಸೋಣ ಅಂತ ಹೋದ ವಾರ ಕರೆದುಕೊಂಡು ಹೋಗಿದ್ದೆ. ಸ್ಕ್ಯಾನ್ ಮಾಡಿ, ಎರಡೂ ಕಣ್ಣಿನ ರೆಟಿನಾದಲ್ಲಿ ಡ್ರೂಸನ್ ಇದೆ, ಇನ್ನೂ ಶುರುವಿನ ಹಂತ, ಆರು ತಿಂಗಳು ಬಿಟ್ಟು ಬನ್ನಿ ಅಂದರು. ಅಷ್ಟೇ. ಏನು, ಯಾಕೆ ಅಂತ ಕೇಳುವಷ್ಟರಲ್ಲಿ ಮುಂದಿನ ಟೋಕನ್ ಕರೆದಾಗಿತ್ತು. ಮನೆಗೆ ಬಂದು ಹುಡುಕಿದರೆ ಬ್ರುಕ್ ಪೊರೆ, ಕೊಲಾಜನ್, ಎಲಾಸ್ಟಿನ್, ಲ್ಯಾಮಿನಿನ್ ಅಂತ ಏನೇನೋ ಬರುತ್ತದೆ. ಪೊರೆ ಅಂದ ತಕ್ಷಣ ಅಮ್ಮನಿಗೆ ಗಾಬರಿ, ‘ಪೊರೆ ತೆಗೆಸಿ ಮೂರು ವರ್ಷ ಆಯ್ತಲ್ಲ, ಮತ್ತೆ ಬಂತಾ?’ ಅಂತ. ಈ ಕಡೆ ಭಾವ ಒಂದು ಡಬ್ಬಿ ಕೊಲಾಜನ್ ಪುಡಿ ತಂದಿಟ್ಟಿದ್ದಾರೆ. ಅದು ಕೊಲಾಜನ್‌ನಿಂದ ಆದ ಪೊರೆ, ವಯಸ್ಸಾಗಿ ಸವೆದಿದೆ, ತುಂಬಿಸಬೇಕು ಅನ್ನುವುದು ಅವರ ಲೆಕ್ಕ. ಕೇಳಿದರೆ ಸರಿ ಅನ್ನಿಸುತ್ತದೆ. ಸರಿನಾ?

ಲ್ಯಾಬ್‌ಇಲಿ:
ನಾನು ಡಾಕ್ಟರ್ ಅಲ್ಲ, ಲ್ಯಾಬಿನಲ್ಲಿ ಕಣ್ಣಿನ ಜೀವಕೋಶ ಬೆಳೆಸುವವಳು. ಮೊದಲು ಅಮ್ಮನಿಗೆ ಸಮಾಧಾನ ಹೇಳಿ. ಅವರು ತೆಗೆಸಿದ್ದು ಕಣ್ಣಿನ ಮುಂಭಾಗದ ಮಂಜಾದ ಮಸೂರ. ಇದು ಹಿಂಭಾಗದಲ್ಲಿ ಬೆಳಕು ಹಿಡಿಯುವ ಪದರ, ಅಂದರೆ ರೆಟಿನಾ, ಅದರ ಅಡಿಯ ಸಂಗತಿ. ನಮ್ಮಲ್ಲಿ ಎಲ್ಲದಕ್ಕೂ ಪೊರೆ ಅಂದುಬಿಡುತ್ತೇವೆ, ಅದೇ ತೊಂದರೆ.

ಜೀವಕೋಶಗಳು ತಮ್ಮ ಹೊರಗೆ ಕೊಲಾಜನ್, ಎಲಾಸ್ಟಿನ್, ಲ್ಯಾಮಿನಿನ್‌ನಂಥ ಪ್ರೋಟೀನುಗಳನ್ನು ನೇಯ್ದು ಒಂದು ನೆಲ ಮಾಡಿಕೊಳ್ಳುತ್ತವೆ. ರೆಟಿನಾದಲ್ಲಿ ಅಂಥ ಒಂದು ನೆಲವೇ ಬ್ರುಕ್ ಪೊರೆ. ಐದು ಪದರ: ನಡುವೆ ಎಲಾಸ್ಟಿನ್, ಅದರ ಎರಡೂ ಕಡೆ ಕೊಲಾಜನ್, ಹೊರ ಅಂಚುಗಳಲ್ಲಿ ಲ್ಯಾಮಿನಿನ್ ಜಾಸ್ತಿ ಇರುವ ತೆಳು ಹಾಳೆ. ಇಷ್ಟೆಲ್ಲ ಸೇರಿ ಚಿಕ್ಕ ವಯಸ್ಸಿನಲ್ಲಿ ದಪ್ಪ ಸುಮಾರು 2 ಮೈಕ್ರಾನ್ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು). ವಯಸ್ಸಾದಂತೆ ಅದು ಸವೆಯುವುದಿಲ್ಲ, ಸುಮಾರು ಎರಡು ಪಟ್ಟು ದಪ್ಪ ಆಗುತ್ತದೆ. ಭಾವನವರ ಲೆಕ್ಕ ತಲೆಕೆಳಗಾಗುವುದು ಇಲ್ಲೇ.

ಬೆಳಕು ಹಿಡಿಯುವ ಕೋಶಗಳ ಹತ್ತಿರ ರಕ್ತನಾಳ ಇಲ್ಲ. ಊಟ ಕೆಳಗಿನಿಂದ ಈ ಪೊರೆ ದಾಟಿ ಬರಬೇಕು, ಕಸ ಇದೇ ದಾರಿಯಲ್ಲಿ ಇಳಿಯಬೇಕು. ಕಸವೂ ಕಡಿಮೆ ಏನಲ್ಲ. ಈ ಕೋಶಗಳು ದಿನಾ ತಮ್ಮ ತುದಿಯ ಹತ್ತನೇ ಒಂದು ಪಾಲಿನಷ್ಟು ಉದುರಿಸುತ್ತವೆ, ಕೆಳಗಿರುವ, ಕಪ್ಪು ಬಣ್ಣ ತುಂಬಿದ ಕೋಶಗಳ ಪದರ ಅದನ್ನು ನುಂಗಿ ಅರಗಿಸುತ್ತದೆ. ಡಿಕಾಕ್ಷನ್ ಫಿಲ್ಟರಿನ ತೂತು ಕಟ್ಟಿಕೊಂಡಾಗ ಏನಾಗುತ್ತದೆ ಗೊತ್ತಲ್ಲ, ರಾತ್ರಿ ಹಾಕಿದ್ದು ಬೆಳಗ್ಗೆ ಎದ್ದರೂ ಇಳಿದಿರುವುದಿಲ್ಲ. ವಯಸ್ಸಾದ ಬ್ರುಕ್ ಪೊರೆಯ ಕಥೆಯೂ ಅದೇ. ಕೊಲಾಜನ್ ಎಳೆಗಳು ಒಂದಕ್ಕೊಂದು ಬಿಗಿದುಕೊಳ್ಳುತ್ತವೆ, ಕೊಬ್ಬು ಸೇರುತ್ತದೆ, ಸೋಸುವುದು ನಿಧಾನ ಆಗುತ್ತದೆ. ಬಣ್ಣದ ಕೋಶಗಳ ಅಡಿಯಲ್ಲಿ ಹಾಗೆ ಉಳಿದುಹೋದ ಗಂಟುಗಳೇ ಡ್ರೂಸನ್. ಅದರಲ್ಲಿ ಕೊಬ್ಬು, ವಿಟ್ರೊನೆಕ್ಟಿನ್ ಅನ್ನುವ ಪ್ರೋಟೀನು, ರೋಗನಿರೋಧಕ ವ್ಯವಸ್ಥೆಯ ಕೆಲವು ಪ್ರೋಟೀನುಗಳು ಎಲ್ಲ ಸಿಗುತ್ತವೆ. ಕಟ್ಟಿಕೊಂಡ ಫಿಲ್ಟರಿಗೆ ಇನ್ನಷ್ಟು ಪುಡಿ ಹಾಕಿದರೆ ಇಳಿಯುತ್ತಾ?

ಹಾಗಂತ ಕುಡಿದ ಪುಡಿ ಅಲ್ಲಿಗೆ ಹೋಗಿ ಕೂರುತ್ತದೆ ಅಂತಲೂ ಹೆದರಬೇಡಿ. ಹೊಟ್ಟೆಗೆ ಅದು ಬೇಳೆ, ಮೊಟ್ಟೆಯ ಹಾಗೆ ಇನ್ನೊಂದು ಪ್ರೋಟೀನು, ಒಡೆದು ಚೂರಾಗುತ್ತದೆ.

ಇನ್ನೊಂದು ವಿಷಯ ಹೇಳದೆ ಇರಲು ಆಗುತ್ತಿಲ್ಲ. ಸ್ವಿಟ್ಜರ್ಲೆಂಡಿನ ಲೆವೆಂಟಿನಾ ಕಣಿವೆಯ ಹೆಸರಿನಲ್ಲಿ ಒಂದು ಆನುವಂಶಿಕ ಕಾಯಿಲೆ ಇದೆ, ಅದರಲ್ಲಿ ಸಣ್ಣ ವಯಸ್ಸಿಗೇ ಡ್ರೂಸನ್ ತುಂಬುತ್ತದೆ. 1999ರಲ್ಲಿ ಕಾರಣ ಸಿಕ್ಕಿತು: ಫಿಬುಲಿನ್-3 ಅನ್ನುವ ಪ್ರೋಟೀನಿನಲ್ಲಿ 345ನೇ ಜಾಗದ ಒಂದೇ ಒಂದು ಅಮೈನೊ ಆಮ್ಲ ಬದಲಾಗಿತ್ತು. ಮಜಾ ಏನೆಂದರೆ, ಈ ಪ್ರೋಟೀನೇ ಇಲ್ಲದಂತೆ ಮಾಡಿದ ಇಲಿಗಳಿಗೆ ಈ ತೊಂದರೆ ಬರಲಿಲ್ಲ. ತಪ್ಪಾದ ಪ್ರೋಟೀನು ಇಟ್ಟ ಇಲಿಗಳಲ್ಲಿ ಪೊರೆಯ ಹತ್ತಿರ ಕಸ ಕಟ್ಟಿತು. ಅಂದರೆ ಇಲ್ಲೂ ತೊಂದರೆ ಪ್ರೋಟೀನಿನ ಕೊರತೆಯಿಂದ ಅಲ್ಲ.

ಬೆಲ್ಲದಕಾಫಿ:
ಮೇಲಿನ ಮಾತಿಗೆ ನನ್ನ ಕಣ್ಣೇ ಸಾಕ್ಷಿ 🙂 ನನಗೆ ಮ್ಯಾಕುಲಾದಲ್ಲಿ, ಅಂದರೆ ರೆಟಿನಾದ ನಟ್ಟನಡುವೆ, ತೂತಾಗಿತ್ತು. ಆಪರೇಷನ್‌ನಲ್ಲಿ ರೆಟಿನಾದ ಮೇಲ್ಮೈಯಲ್ಲಿರುವ ಇನ್ನೊಂದು ಪೊರೆಯನ್ನು ನೀಲಿ ಬಣ್ಣ ಹಾಕಿ, ತೂತಿನ ಸುತ್ತ ಸುಲಿದು ತೆಗೆದರು. ಅದೂ ಕೊಲಾಜನ್, ಲ್ಯಾಮಿನಿನ್‌ನಿಂದ ಆದದ್ದೇ ಅಂತೆ. ಅಂದರೆ ದುಡ್ಡು ಕೊಟ್ಟು ಕೊಲಾಜನ್ ಕೀಳಿಸಿಕೊಂಡು ಬಂದೆ! ಆ ಪೊರೆಯ ಎಳೆತ ತಪ್ಪಿದರೆ ತೂತು ಕೂಡಿಕೊಳ್ಳುತ್ತದೆ ಅಂದಿದ್ದರು, ಕೂಡಿಕೊಂಡಿತು. ಆಮೇಲೆ ಕಣ್ಣೊಳಗೆ ಗ್ಯಾಸ್ ಗುಳ್ಳೆ ಇದೆ ಅಂತ ಒಂದು ವಾರ ತಲೆ ಬಗ್ಗಿಸಿಕೊಂಡೇ ಇದ್ದೆ, ಊಟ, ಕಾಫಿ ಎಲ್ಲ ನೆಲ ನೋಡಿಕೊಂಡೇ. ಅಂದಹಾಗೆ ನಿಮ್ಮ ಅಮ್ಮನಿಗೆ ಶುಗರ್ ಇದೆಯಾ? ನನಗಿದೆ. ಶುಗರ್ ಹೆಚ್ಚಾದರೆ ರೆಟಿನಾದ ಸಣ್ಣ ರಕ್ತನಾಳಗಳ ಗೋಡೆಯ ಅಡಿಯಲ್ಲಿ ಇವೇ ಪ್ರೋಟೀನು ಜಾಸ್ತಿ ಕಟ್ಟಿ ದಪ್ಪ ಆಗುತ್ತದಂತೆ.

ಸಾಲುಹುಣಸೆ:
ಎಲ್ಲ ಕಾಯಿಲೆಯೂ ಈ ಪ್ರೋಟೀನುಗಳು ಜಾಸ್ತಿ ಆಗಿಯೇ ಬರುತ್ತದೆ ಅನ್ನುವ ಹಾಗಿದೆ ಇಲ್ಲಿನ ಮಾತು. ಒಪ್ಪುವುದಿಲ್ಲ. ರೆಟಿನೊಸ್ಕೈಸಿನ್ ಅಂತ ಒಂದು ಪ್ರೋಟೀನು ಇದೆ, ರೆಟಿನಾದ ಪದರಗಳನ್ನು ಅಂಟಿನ ಹಾಗೆ ಹಿಡಿದಿಡುತ್ತದೆ. ಅದು ಕೆಟ್ಟರೆ ಪದರಗಳು ಬಿಡಿಸಿಕೊಳ್ಳುತ್ತವೆ, ಬಹುಪಾಲು ಗಂಡುಮಕ್ಕಳಲ್ಲಿ. ಸ್ಟಿಕ್ಲರ್ ಸಿಂಡ್ರೋಮ್ ಅನ್ನುವ ಆನುವಂಶಿಕ ಕಾಯಿಲೆಯಲ್ಲಿ ಕಣ್ಣೊಳಗಿನ ಜೆಲ್ಲಿಯ ಕೊಲಾಜನ್ನೇ ಸರಿಯಾಗಿ ಆಗುವುದಿಲ್ಲ, ಚಿಕ್ಕ ವಯಸ್ಸಿಗೇ ರೆಟಿನಾ ಕಳಚುವ ಅಪಾಯ. ಮನೆಯಲ್ಲಿ ಪುಟ್ಟ ಮಕ್ಕಳಿಗೆ ದೊಡ್ಡ ಮೈನಸ್ ನಂಬರ್, ಜೊತೆಗೆ ಸೀಳು ಅಂಗುಳ ಅಥವಾ ಕೀಲು ನೋವು ಇದ್ದರೆ ರೆಟಿನಾ ತೋರಿಸಲೇಬೇಕು.

ಲ್ಯಾಬ್‌ಇಲಿ:
ನೀವು ಹೇಳಿದ್ದು ಸರಿ, ನಾನು ಡ್ರೂಸನ್ ಹಿಡಿದುಕೊಂಡು ಮಾತಾಡಿದೆ. ಆದರೆ ಅಲ್ಲೂ ತಪ್ಪಿರುವುದು ಜೀನ್‌ನಲ್ಲಿ, ಡಬ್ಬಿ ಪುಡಿಗೆ ಅಲ್ಲೂ ಕೆಲಸ ಇಲ್ಲ.

ಹಳೇಸ್ಕೂಟರ್:
ಎಲ್ಲರಿಗೂ ಥ್ಯಾಂಕ್ಸ್. ಶುಗರ್ ಇಲ್ಲ. ಡಬ್ಬಿ ವಾಪಸ್ ಕೊಟ್ಟೆ, ಭಾವ ಈಗ ಮಂಡಿ ನೋವಿಗೆ ಅಂತ ತಾವೇ ಕುಡಿಯುತ್ತಿದ್ದಾರೆ. ಮೆಡಿಕಲ್ ಶಾಪಿನಲ್ಲಿ ಲ್ಯೂಟೀನ್, ಜಿಂಕ್ ಇರುವ ಮಾತ್ರೆ ಕೊಡುತ್ತೇನೆ ಅಂದರು, ಅದು?

ಲ್ಯಾಬ್‌ಇಲಿ:
ಅದು ಮಧ್ಯದ ಹಂತ ತಲುಪಿದವರಿಗೆ ಈ ಡ್ರೂಸನ್ ಕಾಯಿಲೆ ಮುಂದುವರಿಯುವುದನ್ನು ಸ್ವಲ್ಪ ತಡೆಯುತ್ತದೆ ಅಂತ ದೊಡ್ಡ ಪ್ರಯೋಗಗಳಲ್ಲಿ ಕಂಡದ್ದು. ಶುರುವಿನ ಹಂತದಲ್ಲಿ ಲಾಭ ಕಂಡಿಲ್ಲ, ಡಾಕ್ಟರನ್ನು ಕೇಳದೆ ತರಬೇಡಿ. ಮನೆಯಲ್ಲಿ ಯಾರಾದರೂ ಸಿಗರೇಟು ಸೇದುತ್ತಿದ್ದರೆ ಬಿಡಿಸಿ. ಮತ್ತೆ ಗೆರೆ ಬಾಗಿ ಕಾಣುತ್ತಾ ಅಂತ ಮನೆಯಲ್ಲೇ ನೋಡಿಕೊಳ್ಳಲು ಚೌಕದ ಗೆರೆಗಳ ಒಂದು ಚಾರ್ಟ್ ಕೊಡುತ್ತಾರೆ, ಕೇಳಿ ತಗೊಳ್ಳಿ.

ಹಳೇಸ್ಕೂಟರ್:
ಅಮ್ಮ ಅಡುಗೆಮನೆ ಟೈಲ್ಸಿನ ಗೆರೆಯನ್ನೇ ನೋಡುತ್ತೇನೆ ಅಂತಾರೆ. ನಡೆಯುತ್ತಾ?

ಲ್ಯಾಬ್‌ಇಲಿ:
ಚಾರ್ಟ್ ಸಿಗುವವರೆಗೆ ನಡೆಯುತ್ತದೆ. ಓದುವ ಕನ್ನಡಕ ಹಾಕಿಕೊಂಡು, ಹತ್ತಿರದಿಂದ, ಒಂದೊಂದೇ ಕಣ್ಣು ಮುಚ್ಚಿ ನೋಡಬೇಕು. ಗೆರೆ ಬಾಗಿದ ಹಾಗೆ ಕಂಡರೆ ಆರು ತಿಂಗಳು ಕಾಯಬೇಡಿ, ಅವತ್ತೇ ಹೊರಡಿ.